ಬಸ್ ಬರುವ ಹೊತ್ತಿಗೆ ಹಸಿರು

ಸಿಗ್ನಲ್‌ಗೆ ಇನ್ನು 30 ಮೀಟರ್ ಇದೆ ಅನ್ನುವಾಗ ಹಸಿರು ಹೋಗಿ ಹಳದಿ ಬರುತ್ತದೆ. 60 ಜನ ಇರುವ ಬಸ್ ನಿಂತುಬಿಡುತ್ತದೆ. ಅಡ್ಡರಸ್ತೆಯಿಂದ ನಾಲ್ಕು ಕಾರು ದಾಟುತ್ತವೆ, ಒಂದೊಂದರಲ್ಲಿ ಒಬ್ಬೊಬ್ಬರೇ. ಇದು ಸಿಗ್ನಲ್‌ನ ತಪ್ಪಲ್ಲ. ಬಸ್ ಯಾವುದು, ಕಾರು ಯಾವುದು ಅಂತ ಅದಕ್ಕೆ ಯಾರೂ ಹೇಳಿಲ್ಲ.

ಹೇಳುವ ಪ್ರಯತ್ನ ಹೊಸದೇನಲ್ಲ. ಜ್ಯೂರಿಕ್ ನಗರ 1970ರ ದಶಕದಿಂದಲೇ ಟ್ರಾಮ್ ಮತ್ತು ಬಸ್ಸುಗಳಿಗೆ ಸಿಗ್ನಲ್‌ನಲ್ಲಿ ಆದ್ಯತೆ ಕೊಡುತ್ತ ಬಂದಿದೆ. ಹಳೆಯ ವಿಧಾನಕ್ಕೆ ಬಸ್ಸಿನಲ್ಲೊಂದು ಟ್ರಾನ್ಸ್‌ಮಿಟರ್, ಪ್ರತಿ ಜಂಕ್ಷನ್‌ನಲ್ಲೂ ಒಂದು ರಿಸೀವರ್ ಬೇಕು. ಇಲ್ಲವೇ ಡಾಂಬರಿನಡಿ ತಂತಿಯ ಸುರುಳಿ ಹೂಳಬೇಕು. ರಸ್ತೆ ಅಗೆದರೆ ಆ ತಂತಿಯೂ ಕಿತ್ತುಹೋಗುತ್ತದೆ. ಲಂಡನ್ ಆಮೇಲೆ ಜಿಪಿಎಸ್ ಬಳಸಿ, ಬಸ್ ಬಂದದ್ದನ್ನು ಗುರುತಿಸುವ, ಆದರೆ ನಕ್ಷೆಯ ಮೇಲೆ ಮಾತ್ರ ಇರುವ ಡಿಟೆಕ್ಟರ್‌ಗಳನ್ನು ತಂದಿತು. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಸರ್ವರ್, ಇದನ್ನೇ ಇನ್ನಷ್ಟು ಸಲೀಸು ಮಾಡುತ್ತದೆ. ಬಸ್ ತಾನಿರುವ ಜಾಗವನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ಸರ್ವರ್‌ಗೆ ಕಳಿಸುತ್ತದೆ. 'ಈ ಬಸ್ ಇನ್ನು 22 ಸೆಕೆಂಡಿಗೆ ಬರುತ್ತದೆ' ಅಂತ ಸರ್ವರ್ ಲೆಕ್ಕ ಹಾಕಿ ಸಿಗ್ನಲ್ ಕಂಟ್ರೋಲರ್‌ಗೆ, ಅಂದರೆ ದೀಪ ಬದಲಿಸುವ ರಸ್ತೆಬದಿಯ ಪೆಟ್ಟಿಗೆಗೆ, ತಿಳಿಸುತ್ತದೆ. ಕಂಟ್ರೋಲರ್ ಹಸಿರನ್ನು ಕೆಲವು ಸೆಕೆಂಡ್ ಹಿಡಿದಿಡುತ್ತದೆ, ಅಥವಾ ಕೆಂಪನ್ನು ಸ್ವಲ್ಪ ಬೇಗ ಮುಗಿಸುತ್ತದೆ.

ಆಂಬ್ಯುಲೆನ್ಸ್‌ಗೆ ಮಾಡುವ ಹಾಗೆ ಎಲ್ಲವನ್ನೂ ತಡೆದು ದಾರಿ ಬಿಡಿಸುವ ವ್ಯವಸ್ಥೆ ಇದಲ್ಲ. ಹಳದಿಯ ಅವಧಿ, ಎಲ್ಲ ಕಡೆಯೂ ಕೆಂಪಿರುವ ಒಂದೆರಡು ಸೆಕೆಂಡ್, ಜನ ರಸ್ತೆ ದಾಟುವ ಹೊತ್ತು, ಇವನ್ನು ಮುಟ್ಟುವ ಹಾಗಿಲ್ಲ. ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿದರೂ 18 ಮೀಟರ್ ಅಗಲದ ರಸ್ತೆ ದಾಟಲು 15 ಸೆಕೆಂಡ್ ಬೇಕು. ಕೋಲೂರಿ ನಡೆಯುವ ಅಜ್ಜಿಗೆ ಇನ್ನೂ ಜಾಸ್ತಿ. ಬಸ್ಸಿಂದ ಇಳಿದವರೂ ಅದೇ ರಸ್ತೆ ದಾಟಬೇಕು ಅಲ್ವಾ?

ಯೋಜನೆ ಹಾಕುವವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಬಸ್ ಸ್ಟಾಪ್ ಬಗ್ಗೆ. ಗಂಟೆಗೆ 30 ಕಿ.ಮೀ. ವೇಗದ ಬಸ್ ಸೆಕೆಂಡಿಗೆ 8 ಮೀಟರ್‌ಗಿಂತ ಜಾಸ್ತಿ ಸಾಗುತ್ತದೆ. ಜಿಪಿಎಸ್ 30 ಸೆಕೆಂಡಿಗೊಮ್ಮೆ ಮಾಹಿತಿ ಕಳಿಸಿದರೆ, ಅಷ್ಟರಲ್ಲಿ ಬಸ್ 250 ಮೀಟರ್ ಮುಂದೆ ಹೋಗಿರುತ್ತದೆ. ಸೆಕೆಂಡಿಗೊಮ್ಮೆ ಕಳಿಸುವ ಹಾಗೆ ಮಾಡಿದರೆ ಈ ತೊಂದರೆ ತೀರಿತು. ಸ್ಟಾಪ್‌ನ ತೊಂದರೆ ಹಾಗೆ ತೀರುವುದಿಲ್ಲ. ಸಿಗ್ನಲ್‌ಗಿಂತ ಮೊದಲೇ ಸ್ಟಾಪ್ ಇದ್ದರೆ, ಬಸ್ ಅಲ್ಲಿ 10 ಸೆಕೆಂಡ್ ನಿಲ್ಲುತ್ತದೋ 40 ಸೆಕೆಂಡೋ ಯಾರು ಹೇಳಬೇಕು? ಮಗು ಎತ್ತಿಕೊಂಡವರು ಹತ್ತಬೇಕು, ವಯಸ್ಸಾದವರು ಇಳಿಯಬೇಕು. ಅಷ್ಟರಲ್ಲಿ ಹಿಡಿದಿಟ್ಟ ಹಸಿರು ಸುಮ್ನೆ ಹಾಳು, ಅಡ್ಡರಸ್ತೆಯವರು ಕಾದದ್ದೂ ದಂಡ. ಸ್ಟಾಪ್ ಸಿಗ್ನಲ್ ದಾಟಿದ ಮೇಲೆ ಇದ್ದರೆ ಬಸ್ ಮೊದಲು ಜಂಕ್ಷನ್ ದಾಟಿ, ಆಮೇಲೆ ನಿಧಾನವಾಗಿ ಜನರನ್ನು ಹತ್ತಿಸಿಕೊಳ್ಳಬಹುದು. ಎಷ್ಟೋ ಸಾಫ್ಟ್‌ವೇರ್ ತಿದ್ದುಪಡಿಗಿಂತ ಸ್ಟಾಪ್ ಸರಿಸುವುದೇ ಹೆಚ್ಚು ಉಪಕಾರಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಸರಿಸಲು ಜಾಗವಿಲ್ಲದ ಕಡೆ, ಬಸ್ಸಿನ ಬಾಗಿಲು ಮುಚ್ಚಿದ ಮೇಲೆಯೇ ಹಸಿರು ಕೇಳುವ ಹಾಗೆ ಮಾಡಬಹುದು.

ಹಾಗಾದರೆ ಬಂದ ಬಸ್ಸಿಗೆಲ್ಲ ಹಸಿರು ಕೊಡಬೇಕಾ? ಬೇಡ, ತಡವಾದದ್ದಕ್ಕೆ ಸಾಕು. ತಡವಾದ ಬಸ್ಸಿಗೆ ಪ್ರತಿ ಸ್ಟಾಪ್‌ನಲ್ಲೂ ಜಾಸ್ತಿ ಜನ ಕಾದಿರುತ್ತಾರೆ. ಅವರೆಲ್ಲ ಹತ್ತುವಷ್ಟರಲ್ಲಿ ಅದು ಇನ್ನೂ ತಡ. ಅದರ ಹಿಂದಿನದಕ್ಕೆ ಜನ ಕಡಿಮೆ, ಹಾಗಾಗಿ ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಆಮೇಲೆ ಒಟ್ಟಿಗೆ ಮೂರು ಅನ್ನುವುದು ಆಗುವುದೇ ಹೀಗೆ. ಆ ಹಿಂದಿನ ಬಸ್ಸಿಗೂ ಹಸಿರು ಕೊಟ್ಟರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಕ್ಲೌಡ್‌ನ ದೊಡ್ಡ ಲಾಭ ನನಗೆ ಕಾಣುವುದು ಇಲ್ಲೇ. ಕಂಬದ ಮೇಲಿನ ರಿಸೀವರ್‌ಗೆ ಹತ್ತಿರ ಬಂದ ಬಸ್ ಅಷ್ಟೇ ಕಾಣುತ್ತದೆ. ಸರ್ವರ್‌ಗೆ ಇಡೀ ದಾರಿ, ಎಲ್ಲ ಬಸ್ಸು, ವೇಳಾಪಟ್ಟಿ ಒಟ್ಟಿಗೆ ಕಾಣುತ್ತವೆ.

ನೆಟ್‌ವರ್ಕ್ ಹೋದರೆ? ಏನೂ ಆಗಬಾರದು. ಸಿಗ್ನಲ್ ತನ್ನ ಮಾಮೂಲಿ ಲೆಕ್ಕದಲ್ಲೇ ನಡೆಯಬೇಕು. ಕ್ಲೌಡ್ ಕೇಳಿಕೊಳ್ಳಬಹುದು ಅಷ್ಟೇ, ದೀಪ ಬದಲಿಸುವ ಅಧಿಕಾರ ರಸ್ತೆಬದಿಯ ಪೆಟ್ಟಿಗೆಯಲ್ಲೇ ಉಳಿಯಬೇಕು.

ಶುರು ಮಾಡುವ ಮೊದಲು ಕೆಲವು ವಾರ ಸರ್ವರ್ ಬರೀ ಊಹೆ ಮಾಡಿ ಬರೆದಿಟ್ಟುಕೊಳ್ಳಲಿ, ದೀಪ ಮುಟ್ಟುವುದು ಬೇಡ. ಬಸ್ ನಿಜಕ್ಕೂ ಯಾವಾಗ ಬಂತು ಅಂತ ಒಂದೊಂದು ಜಂಕ್ಷನ್‌ನಲ್ಲೂ ಹೋಲಿಸಬೇಕು. ಊಹೆ ಪದೇ ಪದೇ ತಪ್ಪುವ ಜಂಕ್ಷನ್‌ಗೆ ಒಮ್ಮೆ ಹೋಗಿ ನಿಂತು, ಅಲ್ಲಿ ಸ್ಟಾಪ್ ಎಲ್ಲಿದೆ ಅಂತ ನೋಡಬೇಕು.