ಗೋರಿಗಲ್ಲಿನ ಮೇಲೆ ಹೆಸರು ಎಷ್ಟು ಕಾಲ ನಿಲ್ಲುತ್ತದೆ?

ಅಮೆರಿಕದ ಬಾಸ್ಟನ್ ನಗರದ ಗ್ರಾನರಿ ಸ್ಮಶಾನ 1660ರದ್ದು. ಸ್ವಾತಂತ್ರ್ಯ ಹೋರಾಟದ ಮುಂದಾಳುಗಳಾದ ಸ್ಯಾಮ್ಯುಯೆಲ್ ಆಡಮ್ಸ್, ಪಾಲ್ ರೆವಿಯರ್ ಮಣ್ಣಾಗಿರುವುದು ಅಲ್ಲೇ. ಅಲ್ಲಿನ ಮುನ್ನೂರು ವರ್ಷ ಹಳೆಯ ಎಷ್ಟೋ ಕಲ್ಲುಗಳಲ್ಲಿ ರೆಕ್ಕೆ ಮೂಡಿಸಿದ ತಲೆಬುರುಡೆಯ ಹಲ್ಲುಗಳನ್ನು ಈಗಲೂ ಎಣಿಸಬಹುದು. ಅದೇ ಸೀಮೆಯಲ್ಲಿ ನೂರೈವತ್ತು ವರ್ಷ ತಡವಾಗಿ ನೆಟ್ಟ ಬಿಳಿ ಅಮೃತಶಿಲೆಯ ಗೋರಿಗಳಲ್ಲಿ ಮಾತ್ರ ಹೆಸರೂ ಇಲ್ಲ, ಇಸವಿಯೂ ಇಲ್ಲ. ಎಲ್ಲ ಸವೆದು ನುಣ್ಣಗಾಗಿದೆ.

ಹಳೆಯವು ಸ್ಲೇಟು. ಹಿಂದೆ ಮಕ್ಕಳು ಬಳಪ ಹಿಡಿದು ಅ ಆ ಇ ಈ ತಿದ್ದುತ್ತಿದ್ದ ಅದೇ ಕಲ್ಲು. ಸಮುದ್ರತಳದ ನುಣುಪು ಕೆಸರು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಬಿಗಿಯಾದದ್ದು. ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ನೀರು ಇಳಿಯಲು ಸಂದಿಯಿಲ್ಲ, ಆಮ್ಲಕ್ಕೆ ಕರಗುವ ಸುಣ್ಣದಂಶವೂ ಬಹಳ ಕಡಿಮೆ. ಉಳಿ ಎಳೆದ ಗೆರೆ ಎಳೆದಂತೆಯೇ ಉಳಿಯುತ್ತದೆ. ಬಿರುಕಿಗೆ ನೀರು ಹೊಕ್ಕು ಹೆಪ್ಪುಗಟ್ಟಿದರೆ ಮಾತ್ರ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ.

ಕನೆಕ್ಟಿಕಟ್‌ನ ಪೋರ್ಟ್‌ಲ್ಯಾಂಡಿನಲ್ಲಿ ತೆಗೆಯುತ್ತಿದ್ದ ಕಂದು ಮರಳುಗಲ್ಲಿನ ಪಾಡು ಬೇರೆ. ಪದರಗಳು ಮಲಗಿರಬೇಕಾದ ಕಲ್ಲನ್ನು ಎಬ್ಬಿಸಿ ನಿಲ್ಲಿಸಿದರೆ ಅಕ್ಷರವಿರುವ ಮುಖವೇ ಚಕ್ಕೆಯಾಗಿ ಉದುರುತ್ತದೆ. ಇದು ಕಲ್ಲಿಗಿಂತ ನಿಲ್ಲಿಸಿದವರ ತಪ್ಪು.

ಹತ್ತೊಂಬತ್ತನೇ ಶತಮಾನಕ್ಕೆ ಗ್ರೀಕ್ ಶೈಲಿಯ ಹುಚ್ಚು ಹಿಡಿಯಿತು, ಎಲ್ಲರಿಗೂ ಬಿಳಿ ಕಲ್ಲೇ ಬೇಕಾಯಿತು. ವರ್ಮಾಂಟ್‌ನ ಡಾರ್ಸೆಟ್‌ನಲ್ಲಿ 1785ರಿಂದಲೇ ಅಮೃತಶಿಲೆಯ ಗಣಿ ಇತ್ತು, ಕೆತ್ತಲೂ ಮೆತ್ತಗೆ. ಆದರೆ ಅದರ ಮೈಯೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಅಡುಗೆಮನೆಯ ಮಾರ್ಬಲ್ ಕಟ್ಟೆಯ ಮೇಲೆ ನಿಂಬೆಹಣ್ಣು ಹಿಂಡಿದ ಜಾಗ ಹೊಳಪು ಕಳೆದುಕೊಳ್ಳುವಂತೆ, ಇಲ್ಲಿ ಮಳೆಯೇ ಹುಳಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತ ಶುದ್ಧ ಮಳೆಯೂ ತುಸು ಆಮ್ಲೀಯವೇ. ಅದರ ಮೇಲೆ ಕಲ್ಲಿದ್ದಲ ಹೊಗೆಯ ಗಂಧಕ ಸೇರಿತು. ಗಂಧಕಾಮ್ಲ ಅಮೃತಶಿಲೆಯ ಮೈಯನ್ನು ಜಿಪ್ಸಂ ಮಾಡುತ್ತದೆ. ಮಳೆ ಬಡಿಯುವ ಕಡೆ ಅದು ತೊಳೆದುಹೋಗುತ್ತದೆ, ಮಳೆ ತಾಗದ ಮೂಲೆಯಲ್ಲಿ ಮಸಿ ಹಿಡಿದು ಕಪ್ಪು ಹೊಪ್ಪಳೆಯಾಗಿ ಕೂರುತ್ತದೆ. ಕಣಕಣಗಳ ನಡುವಿನ ಹಿಡಿತ ಸಡಿಲವಾಗಿ, ಬೆರಳಾಡಿಸಿದರೆ ಸಕ್ಕರೆಯಂತೆ ಪುಡಿ ಉದುರುತ್ತದೆ.

1880ರಲ್ಲಿ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಸ್ಮಶಾನಗಳನ್ನು ಸುತ್ತಿ ಇದನ್ನೇ ಬರೆದರು: ಇಂಥ ಊರಿನ ಬಯಲಲ್ಲಿ ಅಮೃತಶಿಲೆ ನೂರು ವರ್ಷವೂ ಬಾಳುವುದು ಕಷ್ಟ. ಸವೆತ ಅಳೆಯಲು ಗೋರಿಯಷ್ಟು ಒಳ್ಳೆಯ ಸಾಧನವೂ ಇಲ್ಲ, ಏಕೆಂದರೆ ಅದರ ಮೇಲೆ ತಾರೀಕೇ ಇರುತ್ತದೆ. ಕೆಲವು ಅಮೃತಶಿಲೆಗಳಲ್ಲಿ ಅಕ್ಷರಗಳನ್ನು ಸೀಸದಲ್ಲಿ ತುಂಬಿ ಸಮತಟ್ಟು ಮಾಡಿರುತ್ತಾರೆ. ಸೀಸ ಕರಗದು, ಸುತ್ತಲಿನ ಕಲ್ಲು ತಗ್ಗುತ್ತದೆ. ಅಕ್ಷರ ಎಷ್ಟು ಎದ್ದು ನಿಂತಿದೆ ಎಂದು ಅಳೆದು, ಗೋರಿಯ ಇಸವಿಯಿಂದೀಚೆಗೆ ಕಳೆದ ವರ್ಷಗಳಿಂದ ಭಾಗಿಸಿದರೆ ಆ ಊರಿನ ಗಾಳಿಯ ಚರಿತ್ರೆಯೇ ಸಿಗುತ್ತದೆ.

ಆಮೇಲೆ ಗ್ರಾನೈಟಿನ ಕಾಲ. ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಎಂಬ ಖನಿಜಗಳ ಗಟ್ಟಿ ಹೆಣಿಗೆಗೆ ಮಳೆಯ ಆಮ್ಲ ಲೆಕ್ಕಕ್ಕಿಲ್ಲ. ಕೆತ್ತುವುದು ಮಾತ್ರ ಕಷ್ಟ. ಗಾಳಿಯೊತ್ತಡದ ಉಳಿ ಬಂದಮೇಲೆ ಕೆಲಸ ಸಲೀಸಾಯಿತು, ಧೂಳು ಹೆಚ್ಚಿತು. ವರ್ಮಾಂಟ್‌ನ ಬ್ಯಾರಿಯಲ್ಲಿ ಇಟಲಿಯಿಂದ ಬಂದ ಎಷ್ಟೋ ಶಿಲ್ಪಿಗಳು ಆ ಸಿಲಿಕಾ ಧೂಳು ಕುಡಿದೇ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಿಂದ ಅಕಾಲದಲ್ಲಿ ಸತ್ತರು. 1937ರಲ್ಲಿ ಹಾಗೆ ತೀರಿಕೊಂಡ ಲೂಯಿಸ್ ಬ್ರೂಸಾ ಅವರ ಗೋರಿ ಅಲ್ಲಿನ ಹೋಪ್ ಸ್ಮಶಾನದಲ್ಲಿದೆ: ಹೆಂಡತಿಯ ತೋಳಿನಲ್ಲಿ ಒರಗಿ ಉಸಿರು ಬಿಡುತ್ತಿರುವ ಗಂಡಸು, ಪೂರ್ತಿ ಗ್ರಾನೈಟಿನಲ್ಲಿ.

ಬ್ಯಾರಿಗೆ ನಮ್ಮ ಕಲ್ಲೂ ಹೋಗಿದೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ನಿಂತ ವಿಯೆಟ್ನಾಂ ಯೋಧರ ಸ್ಮಾರಕದ ಕರಿಗೋಡೆಗೆ ಬಂದದ್ದು ಬೆಂಗಳೂರಿನ ಕಲ್ಲು. ಹಲಗೆಗಳಾಗಿ ಕೊಯ್ದದ್ದು ಬ್ಯಾರಿಯಲ್ಲಿ. ವಿನ್ಯಾಸಕಿ ಮಾಯಾ ಲಿನ್‌ಗೆ ಮುಖ ಕಾಣುವಷ್ಟು ಹೊಳಪು ಬೇಕಿತ್ತು. ವ್ಯಾಪಾರಿಗಳು ಗ್ರಾನೈಟ್ ಎಂದು ಮಾರುವ ಇಂಥ ಕಲ್ಲು ಭೂವಿಜ್ಞಾನಿಗೆ ಗ್ಯಾಬ್ರೋ: ಒಳಗೆ ಪೈರಾಕ್ಸೀನ್ ಎಂಬ ಕಡುಬಣ್ಣದ ಖನಿಜ ಹೇರಳ. ಉಜ್ಜಿದ ಮೈ ಕನ್ನಡಿಯಾಗುತ್ತದೆ. ಮರಳು ಚಿಮ್ಮಿಸಿ ಒರಟು ಮಾಡಿದ ಜಾಗ ಬೆಳಕನ್ನು ಚದುರಿಸಿ ಬೂದಿ ಬಣ್ಣಕ್ಕೆ ತಿರುಗುತ್ತದೆ. 58,000ಕ್ಕೂ ಹೆಚ್ಚು ಹೆಸರುಗಳನ್ನು ಬಣ್ಣದ ಹಂಗಿಲ್ಲದೆ ಓದಲು ಆಗುತ್ತಿರುವುದು ಅದರಿಂದಲೇ.