ಷಟ್ಕೋನದ ಕೌದಿ: ಮೊದಲು ತಿಳಿ-ಗಾಢ, ಆಮೇಲೆ ಬಣ್ಣ

ಕೆಂಪು, ಹಸಿರು, ನೀಲಿ. ಹುಬ್ಬಳ್ಳಿಯ ಜವಳಿ ಸಾಲಿನ ಮ್ಯಾಚಿಂಗ್ ಸೆಂಟರಿನ ಮೇಜಿನ ಮೇಲೆ ಹರಡಿದಾಗ ಈ ಮೂರೂ ಒಂದಕ್ಕೊಂದು ಎದ್ದು ಕಾಣುತ್ತವೆ. ಅವನ್ನೇ ಒಂದೊಂದು ಇಂಚಿನ ಷಟ್ಕೋನಗಳಾಗಿ ಕತ್ತರಿಸಿ, ಹೂವಿನಂತೆ ಜೋಡಿಸಿ ಹೊಲಿದು ಗೋಡೆಗೆ ತೂಗುಹಾಕಿ. ಹತ್ತು ಅಡಿ ಹಿಂದೆ ಸರಿದು ನೋಡಿದರೆ ಹೂವು ಮಾಯ! ಬಣ್ಣ ಬೇರೆಯಾದರೂ ಮೂರೂ ಒಂದೇ ಮಟ್ಟದ ಗಾಢವಾಗಿರುವುದೇ ಇದಕ್ಕೆ ಕಾರಣ.

ಆಕಾರದ ಅಂಚನ್ನು ಗುರುತಿಸಲು ನಮ್ಮ ಕಣ್ಣು ಮುಖ್ಯವಾಗಿ ನೆಚ್ಚಿಕೊಳ್ಳುವುದು ತಿಳಿ-ಗಾಢಗಳ ವ್ಯತ್ಯಾಸವನ್ನು. ಬಣ್ಣದ ವ್ಯತ್ಯಾಸವೂ ತಿಳಿಯುತ್ತದೆ, ಆದರೆ ಅಷ್ಟು ಸೂಕ್ಷ್ಮವಾಗಿ ಅಲ್ಲ. ತುಂಡು ಸಣ್ಣದಾದಷ್ಟೂ ಈ ಕೊರತೆ ಎದ್ದು ಕಾಣುತ್ತದೆ. ಹಾಗಾಗಿ ಅಂಗಡಿಯಲ್ಲೇ ಬಟ್ಟೆಗಳನ್ನು ಒಂದರ ಪಕ್ಕ ಒಂದಿಟ್ಟು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಫೋಟೊದಲ್ಲಿ ಎರಡು ಬಟ್ಟೆಗಳ ನಡುವಿನ ಗೆರೆ ಕಾಣದಿದ್ದರೆ ಅವೆರಡನ್ನು ಅಕ್ಕಪಕ್ಕ ಹೊಲಿಯಬೇಡಿ. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮಂದ ಬೆಳಕಿನಲ್ಲಿ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಅಷ್ಟು ಬೇಗ ಆಗುವುದಿಲ್ಲ. ಹಗಲಿನಲ್ಲಿ ಸರಿಸಮ ಕಂಡ ಕೆಂಪು-ನೀಲಿ, ಮಲಗುವ ಕೋಣೆಯ ಸಣ್ಣ ದೀಪದಲ್ಲಿ ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ.

ಪಕ್ಕದ ಬಣ್ಣವೂ ಆಟ ಆಡುತ್ತದೆ. ಪ್ಯಾರಿಸ್ಸಿನ ಗೋಬಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಮನೆಯ ಹೊಣೆ ಹೊತ್ತಿದ್ದ ರಸಾಯನ ವಿಜ್ಞಾನಿ ಶೆವ್ರೆಲ್ 1839ರಲ್ಲಿ ಇದನ್ನು ನಿಯಮವಾಗಿಯೇ ಬರೆದಿಟ್ಟ: ಒಂದೇ ಬೂದು ಬಣ್ಣ ಗಾಢದ ಪಕ್ಕದಲ್ಲಿ ತಿಳಿಯಾಗಿಯೂ ತಿಳಿಯ ಪಕ್ಕದಲ್ಲಿ ಗಾಢವಾಗಿಯೂ ತೋರುತ್ತದೆ. ಷಟ್ಕೋನಕ್ಕೆ ಆರು ನೆರೆಹೊರೆ. ಆದ್ದರಿಂದ ಬಟ್ಟೆಯನ್ನು ಒಂಟಿಯಾಗಿ ನೋಡಿ ತೀರ್ಮಾನಿಸಿದರೆ ಪ್ರಯೋಜನವಿಲ್ಲ. ಪ್ರಿಂಟ್ ಇದ್ದರೆ ಚಿತ್ತಾರದ ಗಾತ್ರವನ್ನೂ ನೋಡಬೇಕು. ಮೂರು ಮೀಟರ್ ದೂರದಿಂದ ಸುಮಾರು ಒಂದು ಮಿಲಿಮೀಟರಿಗಿಂತ ಸಣ್ಣ ಚುಕ್ಕೆಗಳು ಕಣ್ಣಿಗೆ ಬಿಡಿಯಾಗಿ ಕಾಣದೆ ಕಲಸಿಹೋಗುತ್ತವೆ. ಬಿಳಿ ಚುಕ್ಕೆಯ ಕಡುನೀಲಿ ಆಗ ಮಾಮೂಲಿ ನೀಲಿಯಾಗುತ್ತದೆ.

ಕೆಲಸದ ಪದ್ಧತಿ ಇಂಗ್ಲೆಂಡಿನದು. ಕಾಗದದ ಅಚ್ಚಿನ ಮೇಲೆ ಬಟ್ಟೆಯ ಅಂಚು ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಥ ತುಂಡುಗಳನ್ನು ಕೈಯಲ್ಲೇ ಅಂಚಿಗೆ ಅಂಚು ಕೂಡಿಸುತ್ತಾರೆ. ಹೀಗೆ ಹೊಲಿದ, 1718ರ ಇಸವಿ ಹೊತ್ತ ರೇಷ್ಮೆ ಹೊದಿಕೆಯೊಂದು ಅಲ್ಲಿ ಈಗಲೂ ಇದೆ. ನಮ್ಮ ಕೌದಿಯಲ್ಲಿ ಹಳೆ ಸೀರೆಯ ಪದರದ ಮೇಲೆ ಚಿಂದಿ ಇಟ್ಟು ಓಟದ ಹೊಲಿಗೆ ಹಾಕುವುದರಿಂದ ತುಸು ಓರೆಕೋರೆಯಾದರೂ ನಡೆಯುತ್ತದೆ. ಷಟ್ಕೋನಗಳ ಜೋಡಣೆಯಲ್ಲಿ ಹಾಗಲ್ಲ, ಒಂದು ಮೂಲೆ ಅರ್ಧ ಮಿಲಿಮೀಟರ್ ತಪ್ಪಿದರೂ ಪಕ್ಕದ ಮೂರು ತುಂಡು ಕೂಡುವಲ್ಲಿ ತೂತು ಬೀಳುತ್ತದೆ. ಕಾಗದ ತೀರಾ ತೆಳುವಿದ್ದರೆ ಅಂಚು ಬಾಗುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಸಾಕು, ಆದರೆ ಶಾಯಿ ಇಲ್ಲದ ಭಾಗವನ್ನೇ ಬಳಸಿ. ಇಸ್ತ್ರಿಯ ಬಿಸಿಗೆ ಅಕ್ಷರ ಬಟ್ಟೆಗೆ ಇಳಿಯಬಹುದು.

ಇನ್ನು ಲೆಕ್ಕ. ಬದಿ ಒಂದು ಇಂಚಿನ ಷಟ್ಕೋನದ ವಿಸ್ತೀರ್ಣ ಸುಮಾರು 2.6 ಚದರ ಇಂಚು. 60 ಇಂಚು ಅಗಲ, 80 ಇಂಚು ಉದ್ದದ ಹೊದಿಕೆಗೆ ಹತ್ತಿರಹತ್ತಿರ 1,850 ತುಂಡು ಬೇಕು. ನಡುವೆ 1, ಸುತ್ತ 6, ಅದರ ಸುತ್ತ 12 ಸೇರಿ ಒಂದು ಹೂವಿಗೆ 19. ಹೂವು-ಹೂವುಗಳ ನಡುವೆ ಒಂದೇ ಸಾಲಿನ ‘ದಾರಿ’ ಬಿಟ್ಟರೆ, ಹಂಚಿಕೊಂಡು ಹೂವೊಂದರ ಪಾಲಿಗೆ 8 ಬರುತ್ತವೆ. ಅಂದರೆ ಪ್ರತಿ 27ಕ್ಕೆ 8 ತುಂಡು, ಒಟ್ಟು 550ರಷ್ಟು, ದಾರಿಯ ಬಟ್ಟೆಯೇ! ಹೂವಿನ ಬಣ್ಣಕ್ಕೆ ತಾಸುಗಟ್ಟಲೆ ತಲೆ ಕೆಡಿಸಿಕೊಂಡು, ದಾರಿಗೆ ಕೈಗೆ ಸಿಕ್ಕ ಬಿಳಿ ಹಾಕುವುದು ಸರಿಯಲ್ಲ. ಒಂದು ತುಂಡಿಗೆ ಎರಡೂವರೆ ಇಂಚಿನ ಚೌಕ ಬೇಕು. 90 ಸೆಂ.ಮೀ. ಅಗಲದ ಒಂದು ಮೀಟರ್ ಬಟ್ಟೆ ತೊಳೆದು ಕುಗ್ಗಿದ ಮೇಲೆ 190ರಷ್ಟು ಚೌಕ ಕೊಡುತ್ತದೆ. ದಾರಿಗೆ ಮೂರೂವರೆ ಮೀಟರನ್ನು ಒಂದೇ ಥಾನಿನಿಂದ, ಒಂದೇ ಸಲ ಕೊಳ್ಳಿ. ಮುಂದಿನ ತಿಂಗಳು ಬರುವ ಥಾನು ಬೇರೆ ಬಣ್ಣದ ಪಾಕದಲ್ಲಿ ಅದ್ದಿದ್ದಿರಬಹುದು, ಛಾಯೆ ಹೊಂದಲಿಕ್ಕಿಲ್ಲ.

ಬಟ್ಟೆ ಹತ್ತಿಯದೇ ಇರಲಿ. ಹತ್ತಿಯ ಸೆಲ್ಯುಲೋಸ್ ಸರಪಳಿಗಳ ನಡುವಿನ ಹೈಡ್ರೋಜನ್ ಬಂಧಗಳು ನೀರಿನ ಪಸೆಗೆ ಸಡಿಲಾಗಿ, ಇಸ್ತ್ರಿಯ ಬಿಸಿಗೆ ಒಣಗುವಾಗ ಹೊಸ ಆಕಾರದಲ್ಲೇ ಮತ್ತೆ ಕೂಡುತ್ತವೆ. ಮಡಿಕೆ ಗಟ್ಟಿಯಾಗಿ ನಿಲ್ಲುವ ಗುಟ್ಟು ಇದು. ಪಾಲಿಯೆಸ್ಟರ್ ಮಡಿಕೆ ಚಿಮ್ಮಿ ಬಿಚ್ಚಿಕೊಳ್ಳುತ್ತದೆ, ಬಿಸಿ ಹೆಚ್ಚಾದರೆ ಸೊರಗುತ್ತದೆ. ಜಂಪರಿಗೆ ಕೊಳ್ಳುವ ಟೂ ಬೈ ಟೂ ರೂಬಿಯಾ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಈಗ ಅದರಲ್ಲೂ ಮಿಶ್ರಣ ಬರುತ್ತದೆ. ಎರಡು ಎಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಹತ್ತಿ. ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್ ಸೇರಿದೆ. ಮಲ್‌ಮಲ್ ಬೇಡ. ತಿಳಿಬಣ್ಣದ ತೆಳು ಬಟ್ಟೆಯಲ್ಲಿ ಒಳಗೆ ಮಡಚಿದ ಕಾಲಿಂಚಿನ ಅಂಚು ಚೌಕಟ್ಟಿನಂತೆ ಮೇಲಕ್ಕೆ ಕಾಣುತ್ತದೆ.

ಖಣದ ಮೋಹ ಬಿಡುವುದು ಕಷ್ಟ, ಬಿಡಬೇಕಾಗಿಯೂ ಇಲ್ಲ. ಹಲವು ಗುಳೇದಗುಡ್ಡ ಖಣಗಳಲ್ಲಿ ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು. ಪ್ರತಿ ಎಳೆಯೂ ಸಣ್ಣ ಕೊಳವೆಯಂತಿದ್ದು ಬೆಳಕನ್ನು ತನ್ನ ಅಡ್ಡಕ್ಕೆ ಹೆಚ್ಚು ಚೆಲ್ಲುತ್ತದೆ. ಹೀಗಾಗಿ ಬಟ್ಟೆ ತಿರುಗಿಸಿದಾಗ ಒಮ್ಮೆ ಹಾಸಿನ ಬಣ್ಣ, ಒಮ್ಮೆ ಹೊಕ್ಕಿನ ಬಣ್ಣ ಮುಂದೆ ಬರುತ್ತದೆ. ಹಾಸಿನ ಎಳೆ ಪ್ರತಿ ಎಸಳಿನಲ್ಲೂ ನಡುವಿನಿಂದ ಹೊರಕ್ಕೆ ಹೋಗುವಂತೆ ಕತ್ತರಿಸಿದರೆ ಆರು ಎಸಳಿಗೆ ಮೂರು ದಿಕ್ಕು, ಏಕೆಂದರೆ ಎದುರುಬದುರಿನವು ಒಂದೇ ಗೆರೆಯಲ್ಲಿರುತ್ತವೆ. ಒಂದೇ ಖಣ ಎರಡೆರಡು ಎಸಳಿಗೆ ಒಂದು ಛಾಯೆ ತೋರಿಸುತ್ತದೆ. ಅದು ಬೇಡವಾದರೆ ಕಾಗದದ ಹಿಂದೆ ಬಾಣದ ಗುರುತು ಹಾಕಿ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಇಡಿ. ಗುರುತಿಲ್ಲದೆ ಹೊಲಿದರೆ ಅಲ್ಲೊಂದು ಇಲ್ಲೊಂದು ಎಸಳು ಮಾಸಿದಂತೆ ಕಾಣುತ್ತದೆ. ಖಣದ ಎಳೆ ಜಾರುತ್ತದೆ, ಅದಕ್ಕೆ ಅಂಚು ಕಾಲಿಂಚಿನ ಬದಲು ಮೂರು ಎಂಟನೇ ಇಂಚು ಬಿಡಿ. ಚೌಕವೂ ಮೂರು ಇಂಚಿನದಾಗಲಿ. ಹಳೆಯ ಇಳಕಲ್ ಸೀರೆ ಕತ್ತರಿಸುವುದಾದರೆ ನಿರಿಗೆಯ ಭಾಗವನ್ನು ಬೆಳಕಿಗೆ ಹಿಡಿದು ಎರಡೂ ಕಡೆ ಎಳೆದು ನೋಡಿ. ಅಲ್ಲೇ ಮೊದಲು ಸವೆಯುವುದು.

ಕತ್ತರಿಸುವ ಮುನ್ನ ಎಲ್ಲವನ್ನೂ ತೊಳೆಯಲೇಬೇಕು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಉಪ್ಪಿಗೆ ಕೆಲಸವಿರುವುದು ಬಣ್ಣ ಹಾಕುವ ತೊಟ್ಟಿಯಲ್ಲಿ, ಬಣ್ಣವನ್ನು ನೀರಿನಿಂದ ಎಳೆಯ ಕಡೆಗೆ ತಳ್ಳಲು. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತವೆ. ಅವುಗಳಲ್ಲಿ ಬಿಡುವುದು ಬೆಸೆಯದೆ ಉಳಿದ ಹೆಚ್ಚುವರಿ ಬಣ್ಣ, ಮೂರ್ನಾಲ್ಕು ಸಲ ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. ನೀಲಿಗಿಡದ ಬಣ್ಣ ಹಾಗಲ್ಲ, ಕಣಗಳಾಗಿ ಎಳೆಯೊಳಗೆ ಸಿಕ್ಕಿಕೊಂಡಿದ್ದು ಉಜ್ಜಿದಾಗ ಕಳಚುತ್ತದೆ. ಅನುಮಾನದ ಬಟ್ಟೆಯನ್ನು ಬಿಳಿ ತುಂಡಿನ ಜೊತೆ ಅರ್ಧ ತಾಸು ಬಿಸಿನೀರಿನಲ್ಲಿಡಿ. ತೊಳೆದು ಮೂರನೇ ಸಲ ಇಟ್ಟಾಗಲೂ ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಕೌದಿಗೆ ಬೇಡ, ಚೀಲ ಹೊಲಿದುಕೊಳ್ಳಿ.