ಸೈಕಲ್ ಸವಾರರ ಜೇಬಿಗೆ ಹಣ್ಣಿನ ಪುಡಿ ಬಂದ ಹಾದಿ

ವಿಜಯಪುರದಿಂದ ಸೋಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ನಸುಕಿಗೆ ನಿಂತರೆ ಸೈಕಲ್ ಹುಡುಗರು ಸಾಲಾಗಿ ಸಾಗುವುದು ಕಾಣುತ್ತದೆ. ಅವರಲ್ಲೊಬ್ಬ ಮೊನ್ನೆ ನನ್ನ ಕೇಳಿದ: “ಸರ್, ದಾಳಿಂಬಿ ಕ್ಯಾಪ್ಸೂಲ್ ತಗೊಂಡ್ರ ಕಾಲ್ ನೋವು ಕಡಿಮಿ ಆಗ್ತದೇನ್ರಿ?” ಅವನ ಅಪ್ಪನದು ದಾಳಿಂಬೆ ತೋಟ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತೋಟದ ಹಣ್ಣು ಕ್ಯಾಪ್ಸೂಲ್ ಆಗಿ, ಹತ್ತಾರು ಪಟ್ಟು ದುಡ್ಡಿಗೆ, ಅದೇ ಮನೆಗೆ ವಾಪಸ್ ಬರುವಂತೆ ಆಗಿದ್ದು ಹೇಗೆ?

ನಮ್ಮ ಕಡೆ ಕಸರತ್ತಿನ ಊಟ ಅಂದರೆ ಮೊದಲಿಂದಲೂ ಗರಡಿಮನೆಯದು. ಹಾಲು, ತುಪ್ಪ, ಬಾದಾಮಿ. ಪೈಲ್ವಾನನಿಗೆ ಅದು ಸರಿ. ಮೂರು ತಾಸು ಪೆಡಲ್ ತುಳಿಯುವವನ ಕಷ್ಟ ಬೇರೆ. 1960ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ದೀರ್ಘ ಸವಾರಿಯಲ್ಲಿ ಸ್ನಾಯುವಿನೊಳಗೆ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜೆನ್, ಖಾಲಿಯಾಗುತ್ತದೆ. ಕಾಲು ಕಟ್ಟುವುದು ಆಗಲೇ. ಹೀಗಾಗಿ ದಾರಿಯಲ್ಲೇ ಸಕ್ಕರೆ ಕೊಡಬೇಕು ಅನ್ನುವ ವಿಚಾರ ಗಟ್ಟಿಯಾಯಿತು. 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಉಪ್ಪು-ಸಕ್ಕರೆ ನೀರು ಮಾಡಿದರು. ಬಾಯಿಗೆ ಇಡಲಾಗದ ರುಚಿ. ನಿಂಬೆರಸ ಹಾಕಿ ನೋಡಿ ಅಂದವರು ಅವರ ಹೆಂಡತಿ. ಅದೇ ಗೇಟರೇಡ್ ಅನ್ನುವ ಪಾನೀಯ. ನಮ್ಮ ಇಂಡಿ ತಾಲೂಕಿನ ಲಿಂಬೆಹಣ್ಣಿನ ಪಾನಕ ಕುಡಿದು ಬೆಳೆದವರಿಗೆ ಇದು ಪರಕೀಯ ಅನ್ನಿಸಲಿಕ್ಕಿಲ್ಲ, ಅಲ್ವಾ?

ಆಮೇಲೆ ನೀರಿಗೆ ಬೆರೆಸುವ ಪುಡಿ, ಪೊಟ್ಟಣದಿಂದ ಹಿಂಡಿ ನುಂಗುವ ಸಕ್ಕರೆಯ ಜೆಲ್ ಬಂದವು. 2000ದ ನಂತರ ಕ್ರೀಡಾಪಟುಗಳ ಆಹಾರದ ಸಂಶೋಧಕ ಆಸ್ಕರ್ ಯೂಕೆಂಡ್ರಪ್ ಮತ್ತು ಅವರ ಜೊತೆಗಾರರು ಒಂದು ಮುಖ್ಯ ಮಾತು ತೋರಿಸಿದರು. ಕರುಳಿನಲ್ಲಿ ಗ್ಲೂಕೋಸ್‌ಗೆ ಒಂದು ಬಾಗಿಲು, ಫ್ರಕ್ಟೋಸ್‌ಗೆ ಇನ್ನೊಂದು. ಬರೀ ಗ್ಲೂಕೋಸ್ ಆದರೆ ತಾಸಿಗೆ ಸುಮಾರು 60 ಗ್ರಾಂ ಮಾತ್ರ ಬಳಕೆಯಾಗುತ್ತದೆ. ಎರಡನ್ನೂ ಕೂಡಿಸಿ ಕೊಟ್ಟರೆ ಅದಕ್ಕಿಂತ ಜಾಸ್ತಿ. ಕಂಪನಿಗಳು ಎರಡನ್ನೂ ಅಳೆದು ಬೆರೆಸಿ ಪೊಟ್ಟಣ ಕಟ್ಟಿದವು. ದ್ರಾಕ್ಷಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮನಾಗಿಯೇ ಇರುತ್ತವೆ.

ನಮ್ಮ ಜಿಲ್ಲೆಯ ತಿಕೋಟಾ ಸುತ್ತ ಶೆಡ್ಡುಗಳಲ್ಲಿ ಬಲೆಯ ಮೇಲೆ ಒಣಗುವ ಮಣೂಕ, ಅಂದರೆ ಒಣದ್ರಾಕ್ಷಿ, ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ಅದರ ನೂರು ಗ್ರಾಂನಲ್ಲಿ 79 ಗ್ರಾಂನಷ್ಟು ಕಾರ್ಬೊಹೈಡ್ರೇಟ್. ಒಂದು ಹಿಡಿ, ಅಂದರೆ 40 ಗ್ರಾಂ, ಒಂದು ಜೆಲ್ ಪೊಟ್ಟಣಕ್ಕೆ ಹೆಚ್ಚುಕಡಿಮೆ ಸಮ. ಇದನ್ನು ಪರೀಕ್ಷಿಸಿಯೂ ಆಗಿದೆ. 2007ರಲ್ಲಿ ಅಮೆರಿಕದಲ್ಲಿ 8 ಸೈಕಲ್ ಸವಾರರಿಗೆ ಒಮ್ಮೆ ಒಣದ್ರಾಕ್ಷಿ, ಒಮ್ಮೆ ಜೆಲ್ ಕೊಟ್ಟರು. ಸವಾರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ಅಮೆರಿಕದ ಸಂಶೋಧಕ ಡೇವಿಡ್ ನೀಮನ್ ತಂಡ 75 ಕಿಲೋಮೀಟರ್ ಸವಾರಿಯಲ್ಲಿ ಬಾಳೆಹಣ್ಣನ್ನೂ ಸ್ಪೋರ್ಟ್ಸ್ ಡ್ರಿಂಕನ್ನೂ ಹೋಲಿಸಿತು. ಅಲ್ಲೂ ಸಮಸಮ. ಇವು ಸಣ್ಣ ಪ್ರಯೋಗಗಳು, ನಿಜ. ಮಣೂಕದಲ್ಲಿ ನಾರು ಇದೆ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ಅದಕ್ಕೇ ರೇಸಿನ ದಿನ ಮೊದಲ ಸಲ ತಿನ್ನಬಾರದು, ತರಬೇತಿಯಲ್ಲೇ ರೂಢಿ ಮಾಡಿಕೊಳ್ಳಬೇಕು.

ಸುಸ್ತು, ನೋವಿನ ಕಥೆ ಬೇರೆ. 1982ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗವೊಂದು ದಣಿದ ಸ್ನಾಯುವಿನಲ್ಲಿ ಫ್ರೀ ರ್‍ಯಾಡಿಕಲ್, ಅಂದರೆ ಜೀವಕೋಶಕ್ಕೆ ಪೆಟ್ಟು ಕೊಡುವ ಕಣಗಳು, ಹೆಚ್ಚುವುದನ್ನು ತೋರಿಸಿತು. ಅಂದಮೇಲೆ ಅವನ್ನು ತಡೆಯಬೇಕು ಅಂತ ಕ್ರೀಡಾಪಟುಗಳು ವಿಟಮಿನ್ ಸಿ, ಇ ಮಾತ್ರೆ ನುಂಗಿದರು. 2008 ಮತ್ತು 2009ರಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಸ್ಪೇನ್ ಮತ್ತು ಜರ್ಮನಿಯ ಸಂಶೋಧಕರು ದಿನಕ್ಕೆ 1 ಗ್ರಾಂ ವಿಟಮಿನ್ ಸಿಯಂಥ ದೊಡ್ಡ ಡೋಸ್ ತರಬೇತಿಯ ಲಾಭವನ್ನೇ ತಿನ್ನಬಹುದು ಎಂದು ಕಂಡರು. ಆ ಸಣ್ಣ ಪೆಟ್ಟುಗಳಿಂದಲೇ ದೇಹ ಗಟ್ಟಿಯಾಗುತ್ತದೆ.

ಮಾತ್ರೆಯ ಹೆಸರು ಮಾಸಿದ ಹೊತ್ತಿಗೆ ಹಣ್ಣಿನ ಸಾರ ಮುಂದೆ ಬಂತು. 2014ರಲ್ಲಿ ಇಂಗ್ಲೆಂಡಿನಲ್ಲಿ 16 ಸವಾರರ ಮೇಲೆ ಮಾಡಿದ ಪ್ರಯೋಗದಲ್ಲಿ, ಮಾಂಟ್‌ಮೊರೆನ್ಸಿ ಅನ್ನುವ ತಳಿಯ ಹುಳಿ ಚೆರ್ರಿ ರಸ ಕುಡಿದವರ ರಕ್ತದಲ್ಲಿ ಉರಿಯೂತದ ಗುರುತುಗಳು ಕಡಿಮೆ ಇದ್ದವು. ಬೆನ್ನುಬೆನ್ನಿಗೆ ರೇಸ್ ಇರುವ ವಾರದಲ್ಲಿ ಇದರಿಂದ ಉಪಯೋಗ ಆಗಬಹುದು. ತಿಂಗಳುಗಟ್ಟಲೆ ತರಬೇತಿಯಲ್ಲಿ ದಿನಾ ಕುಡಿಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಇನ್ನು ದಾಳಿಂಬೆ. 2011ರಲ್ಲಿ ಟೆಕ್ಸಾಸ್‌ನಲ್ಲಿ ಅದರ ರಸ ಕುಡಿಸಿ, ಕೈಗೂ ಕಾಲಿಗೂ ಭಾರಿ ಕಸರತ್ತು ಮಾಡಿಸಿದರು. ತೋಳಿನ ನೋವು ಕಡಿಮೆಯಾಯಿತು. ತೊಡೆಯಲ್ಲಿ ಫರಕು ಕಾಣಲಿಲ್ಲ. ಸೈಕಲ್ ತುಳಿಯೋದು ತೊಡೆ!

ಇಂಥ ಪುಡಿ, ಕ್ಯಾಪ್ಸೂಲಿನ ಡಬ್ಬಿಯ ಬಗ್ಗೆ ನನಗಿರುವ ದೊಡ್ಡ ಅಂಜಿಕೆ ದುಡ್ಡಿನದಲ್ಲ. 2000-2001ರಲ್ಲಿ ಜರ್ಮನಿಯ ಕಲೋನ್ ಪ್ರಯೋಗಾಲಯ 13 ದೇಶಗಳಲ್ಲಿ ಕೊಂಡ 634 ಸಪ್ಲಿಮೆಂಟ್‌ಗಳನ್ನು, ಅಂದರೆ ಊಟದ ಜೊತೆ ಪೂರಕವಾಗಿ ತಗೊಳ್ಳುವ ಇಂಥ ಮಾಲನ್ನು, ಪರೀಕ್ಷಿಸಿತು. 94ರಲ್ಲಿ ಲೇಬಲ್ಲಿನಲ್ಲಿ ಹೇಳದ ಸ್ಟೀರಾಯ್ಡ್ ಅಂಶ ಸಿಕ್ಕಿತು. ಡೋಪಿಂಗ್, ಅಂದರೆ ನಿಷೇಧಿತ ಮದ್ದು ಬಳಸುವುದರ, ನಿಯಮದಲ್ಲಿ ‘ಗೊತ್ತಿರಲಿಲ್ಲ’ ಅಂದರೆ ತಪ್ಪು ಮಾಫ್ ಆಗುವುದಿಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಹದಿನಾರು ವರ್ಷದ ಹುಡುಗನ ಓಟ ಒಂದು ಡಬ್ಬಿಯಿಂದ ನಿಂತು ಹೋಗಬಹುದು.

ಆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಮಣೂಕವನ್ನು ಬಿಸಿನೀರಲ್ಲಿ ಚೆನ್ನಾಗಿ ತೊಳಿ, ಒಣಗಿಸುವ ಮುಂಚೆ ಎಣ್ಣೆ-ದ್ರಾವಣದಲ್ಲಿ ಅದ್ದಿರುತ್ತಾರೆ ಅಂದೆ. ಬಾಟಲಿಗೆ ಲಿಂಬೆ, ಉಪ್ಪು, ಸಕ್ಕರೆ. ಮನೆಗೆ ಬಂದ ಮೇಲೆ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ಸ್ನಾಯು ರಿಪೇರಿಗೆ ಬೇಕಾದ ಪ್ರೊಟೀನ್ ಹಣ್ಣಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. “ಮತ್ತ ದಾಳಿಂಬಿ?” ಅಂದ. ತಿನ್ನಪ್ಪ, ರುಚಿಗೆ ತಿನ್ನು ಅಂದೆ.